ಮಳೆ ಬಂದಿದೆ ಎಂದು ಮೀನಿಗೆ ಹೇಳುವ ವಿದ್ಯೆ

ಮಲೆನಾಡಿನಲ್ಲಿ ಮುಂಗಾರಿನ ಮೊದಲ ಜಡಿಮಳೆಗೆ ಹತ್ತುಮೀನು ಏಳುತ್ತದೆ. ಹೊಳೆ ಉಕ್ಕಿ ಹಳ್ಳ, ತೋಡು, ಗದ್ದೆಗಳ ಕೆಂಪು ನೀರೆಲ್ಲ ಒಂದಾದ ರಾತ್ರಿ ಮೊಟ್ಟೆ ತುಂಬಿದ ಮೀನುಗಳು ಹರಿವಿಗೆ ಎದುರಾಗಿ ಮೇಲಕ್ಕೆ ಹತ್ತುತ್ತವೆ. ಕೂಣಿ, ಕತ್ತಿ, ಟಾರ್ಚು ಹಿಡಿದು ಜನ ಅವಕ್ಕೆ ಕಾಯುತ್ತಾರೆ. ಬಸುರಿ ಮೀನನ್ನು ಆ ಹೊತ್ತಿನಲ್ಲಿ ಕಡಿಯಬಾರದೆಂಬುದು ನನ್ನ ಪಕ್ಷ. ಆದರೆ ಹೊಸನೀರು ತಾಗಿದ ಮೀನು ಹೇಗೆ ಮೈಮರೆಯುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ಬೇರೆ ಇಲ್ಲ.

ಕೆರೆಯಲ್ಲಿ ಮೀನು ಸಾಕುವವರ ಕಷ್ಟ ಶುರುವಾಗುವುದೂ ಇಲ್ಲಿಂದಲೇ. ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಗೆಂಡೆಗಳು ಪ್ರವಾಹದ ನದಿಗೆ ಒಗ್ಗಿದ ಮೀನುಗಳು. ಕೆರೆಯಲ್ಲೂ ಅವು ಚೆನ್ನಾಗಿಯೇ ಬೆಳೆಯುತ್ತವೆ, ಪ್ರಾಯಕ್ಕೂ ಬರುತ್ತವೆ, ಜೂನ್ ಹೊತ್ತಿಗೆ ಹೆಣ್ಣಿನ ಹೊಟ್ಟೆ ಬಿರಿಯುವಂತಿರುತ್ತದೆ. ಅಲ್ಲಿಗೆ ನಿಂತಿತು. ನಿಂತ ನೀರಿನಲ್ಲಿ ಅವು ಮೊಟ್ಟೆಯಿಡುವುದಿಲ್ಲ. ಮಳೆಗಾಲ ಕಳೆಯುತ್ತಿದ್ದಂತೆ ಲಕ್ಷಗಟ್ಟಲೆ ಮೊಟ್ಟೆಗಳು ಒಡಲೊಳಗೇ ಕರಗಿ ದೇಹಕ್ಕೆ ಸೇರಿಹೋಗುತ್ತವೆ. ಕೆರೆಯಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು ಇದ್ದರೂ ಮರುವರ್ಷಕ್ಕೆ ಒಂದು ಮರಿಯೂ ಸಿಗುವುದಿಲ್ಲ.

2022ರಲ್ಲಿ ಜಗತ್ತು ಸಾಕಿ ಬೆಳೆಸಿದ ಮೀನು, ಸಿಗಡಿ ಮೊದಲಾದ ಜಲಪ್ರಾಣಿಗಳು 9.44 ಕೋಟಿ ಟನ್ ಮುಟ್ಟಿದವು. ಕಡಲು ಹೊಳೆಗಳಲ್ಲಿ ಬಲೆಹಾಕಿ ಹಿಡಿದದ್ದನ್ನು ಸಾಕಣೆ ಮೀರಿಸಿದ್ದು ಅದೇ ಮೊದಲು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತನ್ನ 2024ರ ವರದಿಯಲ್ಲಿ ಹೇಳಿತು. ಈ ಬೆಳವಣಿಗೆಯ ಮಾತು ಬಂದಾಗ ಎಲ್ಲರೂ ನಾರ್ವೆಯ ಕಡಲಪಂಜರ, ಚೀನಾದ ಕೊಳ, ಗುಳಿಗೆ ಆಹಾರ, ಗಾಳಿಯಂತ್ರಗಳನ್ನು ನೆನೆಯುತ್ತಾರೆ. ನನ್ನ ಲೆಕ್ಕದಲ್ಲಿ ಇವೆಲ್ಲ ಆಮೇಲಿನ ಮಾತು. ಬಿತ್ತನೆಯೇ ಇಲ್ಲದವನಿಗೆ ಗೊಬ್ಬರ, ಟ್ರ್ಯಾಕ್ಟರು ಕೊಟ್ಟು ಏನು ಪ್ರಯೋಜನ? ಮೀನು ಸಾಕಣೆ ಕೃಷಿಯಾದದ್ದು ಬೇಕೆಂದ ದಿನ, ಬೇಕಾದ ಜಾತಿಯ ಮೀನಿನಿಂದ ಮೊಟ್ಟೆ ಇಡಿಸುವ ವಿದ್ಯೆ ಮನುಷ್ಯನಿಗೆ ಸಿದ್ಧಿಸಿದ ಮೇಲೆ. ಆ ವಿದ್ಯೆಯ ಒಂದು ದೊಡ್ಡ ಅಧ್ಯಾಯ ಬರೆಯಲ್ಪಟ್ಟದ್ದು ನಮ್ಮ ದೇಶದಲ್ಲೇ, ಒಡಿಶಾದಲ್ಲಿ.

ಅದಕ್ಕೆ ಮುಂಚೆ ಮರಿಗೆ ನದಿಯೇ ಗತಿಯಾಗಿತ್ತು. ಬಂಗಾಳ, ಬಿಹಾರಗಳಲ್ಲಿ ಗಂಗೆಗೆ ನೆರೆ ಬಂದಾಗ ದಡದುದ್ದಕ್ಕೂ ಕೊಳವೆಯಾಕಾರದ ನುಣ್ಣನೆಯ ಬಲೆ ಹೂಡಿ, ತೇಲಿಬರುವ ಕೂದಲೆಳೆಯಂಥ ಮರಿಗಳನ್ನು ಸೋಸುತ್ತಿದ್ದರು. ಅವನ್ನು ಮಣ್ಣಿನ ಹಂಡಿಗಳಲ್ಲಿ ತುಂಬಿ ರೈಲಿನಲ್ಲಿ ದೂರದೂರಿಗೆ ಸಾಗಿಸುತ್ತಿದ್ದರು. ನೀರಿನಲ್ಲಿ ಗಾಳಿ ಬೆರೆಯಲೆಂದು ಹಂಡಿಯನ್ನು ದಾರಿಯುದ್ದಕ್ಕೂ ಕುಲುಕುತ್ತ ಕೂರಬೇಕಿತ್ತು. ಹಂಡಿಯೊಳಗಿನ ಮರಿ ಕಾಟ್ಲಾವೋ, ಕಸಮೀನೋ, ಉಳಿದ ಮರಿಗಳನ್ನೇ ತಿಂದುಹಾಕುವ ಬೇಟೆಮೀನೋ ಎಂಬುದು ತಿಂಗಳೆರಡು ತಿಂಗಳು ಸಾಕಿದ ಮೇಲಷ್ಟೇ ತಿಳಿಯುತ್ತಿತ್ತು. ನೆರೆ ಕೈಕೊಟ್ಟ ವರ್ಷ ಅದೂ ಇಲ್ಲ.

ಮೊಟ್ಟೆಯನ್ನು ಒಡಲೊಳಗೇ ಹಿಡಿದಿಟ್ಟ ಬೀಗ ಎಲ್ಲಿದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ದಕ್ಷಿಣ ಅಮೆರಿಕದಲ್ಲಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯನ್ನು ಒಂದು ಮೀನಿನಿಂದ ತೆಗೆದು ಅದರ ರಸವನ್ನು ಇನ್ನೊಂದಕ್ಕೆ ಚುಚ್ಚಿದರೆ ಸಂತಾನಾಂಗಗಳು ಎಚ್ಚೆತ್ತುಕೊಳ್ಳುತ್ತವೆ ಎಂದು ಅರ್ಜೆಂಟೀನಾದ ಬರ್ನಾರ್ಡೊ ಹೌಸೆ 1930ರಲ್ಲಿ ತೋರಿಸಿದರು. ಮುಂದೆ ನೊಬೆಲ್ ಪಡೆದ ವಿಜ್ಞಾನಿ ಇವರೇ. ಅದೇ ದಶಕದಲ್ಲಿ ಬ್ರೆಜಿಲ್‌ನ ರೊಡೊಲ್ಫೊ ಫಾನ್ ಇಹೆರಿಂಗ್ ಈ ಉಪಾಯವನ್ನು ಮೀನು ಸಾಕಣೆಗೆ ಹಚ್ಚಿ ಗೆದ್ದರು. ಭಾರತದ ಗೆಂಡೆಗಳು ಮಾತ್ರ ಇನ್ನೂ ಎರಡು ದಶಕ ಜಗ್ಗಲಿಲ್ಲ.

ಕಟಕ್‌ನಲ್ಲಿದ್ದ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಘಟಕದಲ್ಲಿ ಹೀರಾಲಾಲ್ ಚೌಧುರಿ ಎಂಬ ತರುಣ ವಿಜ್ಞಾನಿ ಈ ಹಟಮಾರಿ ಮೀನುಗಳ ಬೆನ್ನುಬಿದ್ದಿದ್ದರು. 1957ರ ಜುಲೈ 10ರಂದು ಒಡಿಶಾದ ಅಂಗುಲ್ ಮೀನುಕ್ಷೇತ್ರದಲ್ಲಿ, ಗ್ರಂಥಿರಸ ಚುಚ್ಚಿಸಿಕೊಂಡ ಗೆಂಡೆಗಳು ನಿಂತ ನೀರಿನಲ್ಲೇ ಮೊಟ್ಟೆಯಿಟ್ಟವು. ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಇಬ್ಬರೂ ಕೂಡಿ ಬರೆದ ಎರಡೇ ಪುಟದ ವರದಿ ಅದೇ ವರ್ಷ ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಮರುವರ್ಷ ಚೀನಾದಲ್ಲಿ ಝೊಂಗ್ ಲಿನ್ ಮತ್ತವರ ಸಂಗಡಿಗರು ಬೆಳ್ಳಿಗೆಂಡೆ ಮತ್ತು ದೊಡ್ಡತಲೆಯ ಗೆಂಡೆಗಳನ್ನು ಒಲಿಸಿಕೊಂಡರು. ಇಂದು ಸಾಕಣೆಯಲ್ಲಿ ಮೊದಲೆರಡು ಸ್ಥಾನದಲ್ಲಿರುವ ದೇಶಗಳಿಗೆ ಬೀಗದ ಕೈ ಸಿಕ್ಕಿದ್ದು ಹೀಗೆ ಬೆನ್ನುಬೆನ್ನಿಗೆ. ಜುಲೈ 10 ಈಗ ನಮ್ಮಲ್ಲಿ ರಾಷ್ಟ್ರೀಯ ಮೀನು ಕೃಷಿಕರ ದಿನ.

ಇನ್ನು ವಿದ್ಯೆಯ ಮಾತು. ಹಳೆಯ ಪದ್ಧತಿಯನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಕುಶಲತೆ ಬಿಚ್ಚಿ ಕಾಣುವುದು ಅದರಲ್ಲಿ. ಗ್ರಂಥಿ ಬೇಕಾದರೆ ಮೀನಿನ ತಲೆ ಬೇಕು. ಕೋಲ್ಕತ್ತದ ಮೀನು ಮಾರುಕಟ್ಟೆಗಳಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿದ್ದರು. ಮೇ, ಜೂನ್ ತಿಂಗಳ ಬಲಿತ ಮೀನಿನ ಗ್ರಂಥಿಗೆ ಕಸುವು ಹೆಚ್ಚು. ಹಳಸಿದ ಮೀನಿನದು ದಂಡ. ಬುರುಡೆಯ ಹಿಂಬದಿಯ ತೂತಿನಿಂದ ಚಿಮಟ ಇಳಿಸಿ, ಮಿದುಳನ್ನು ಮೆಲ್ಲನೆ ಸರಿಸಿ, ಅದರಡಿ ಮೂಳೆಯ ಗುಣಿಯಲ್ಲಿ ಪೊರೆ ಹೊದ್ದು ಕೂತ ನಸುಬಿಳಿಯ ಕಣವನ್ನು ಒಡೆಯದಂತೆ ಎತ್ತಬೇಕು. ತೂಕ ಕೆಲವೇ ಮಿಲಿಗ್ರಾಂ. ಚಿಮಟ ಕೊಂಚ ಬಿಗಿಯಾದರೆ ರಸವೆಲ್ಲ ಅಲ್ಲೇ ಸೋರಿತು. ತೆಗೆದ ಕೂಡಲೇ ನೀರಿನಂಶವಿಲ್ಲದ ಆಲ್ಕೋಹಾಲಿಗೆ ಹಾಕಿ, ಒಂದು ದಿನ ಬಿಟ್ಟು ಆ ಆಲ್ಕೋಹಾಲನ್ನು ಬದಲಿಸಿ, ಕಂದುಬಣ್ಣದ ಸೀಸೆಯಲ್ಲಿ ತಣ್ಣಗಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ.

ಇಷ್ಟಾದರೂ ಅರ್ಧ ಕೆಲಸ ಉಳಿದೇ ಇರುತ್ತದೆ: ತಾಯಿಮೀನನ್ನು ಆರಿಸುವುದು. ಪುಸ್ತಕ ಓದಿದವರು ಸೋಲುವುದು, ಹತ್ತು ಮಳೆಗಾಲ ಕೆಸರಿನಲ್ಲಿ ನಿಂತವರು ಗೆಲ್ಲುವುದು ಇಲ್ಲಿ. ಗಂಡನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಎದೆಯ ಈಜುರೆಕ್ಕೆಯ ಮೇಲ್ಮೈಯನ್ನು ಹೆಬ್ಬೆರಳಿನಿಂದ ಸವರಿದರೆ ಗರಗಸದಂತೆ ಒರಟಾಗಿರುತ್ತದೆ, ಹೊಟ್ಟೆ ಒತ್ತಿದರೆ ಹಾಲಿನಂಥ ವೀರ್ಯ ಜಿನುಗುತ್ತದೆ. ಹೆಣ್ಣಿನ ರೆಕ್ಕೆ ನುಣುಪು, ಹೊಟ್ಟೆ ಉಬ್ಬು, ಗುದದ್ವಾರ ಊದಿಕೊಂಡು ನಸುಗೆಂಪು. ಆದರೆ ಉಬ್ಬಿದ ಹೊಟ್ಟೆಯೆಲ್ಲ ಮೊಟ್ಟೆಯಲ್ಲ. ತಿಂದು ಕೊಬ್ಬಿದ ಮೀನಿನ ಹೊಟ್ಟೆಯೂ ಉಬ್ಬಿರುತ್ತದೆ. ನುರಿತ ಕೈಗೆ ಮಾತ್ರ ಮೊಟ್ಟೆ ತುಂಬಿದ ಹೊಟ್ಟೆಯ ಮೆದುವು ಬೇರೆ, ಕೊಬ್ಬಿನ ಹೊಟ್ಟೆಯ ಮೆದುವು ಬೇರೆ. ಈ ವ್ಯತ್ಯಾಸ ಹೇಳಿಕೊಟ್ಟು ಬರುವಂಥದಲ್ಲ. ಬಲಿಯದ ಹೆಣ್ಣಿಗೆ ಎಷ್ಟು ಚುಚ್ಚಿದರೂ ಅದು ಕೊಡುವುದಿಲ್ಲ, ಬಲಿತು ಮುಗಿದದ್ದಕ್ಕೆ ಚುಚ್ಚಿದರೆ ಮೊಟ್ಟೆ ಬಂದರೂ ಮರಿಯಾಗುವುದಿಲ್ಲ.

ಆರಿಸಿದ ಮೀನನ್ನು ತೂಗಿ, ತೂಕಕ್ಕೆ ತಕ್ಕಂತೆ ಗ್ರಂಥಿಯನ್ನು ಅರೆದು, ಶುದ್ಧ ನೀರಿನಲ್ಲಿ ಕದಡಿ, ತಿಳಿಯನ್ನಷ್ಟೇ ಸಿರಿಂಜಿಗೆ ಎಳೆದುಕೊಳ್ಳುತ್ತಾರೆ. ಹೊತ್ತು ಸಂಜೆ. ಬಾಲದ ಬುಡದ ಮಾಂಸದಲ್ಲಿ, ಪಕ್ಕದ ಗೆರೆಗಿಂತ ಮೇಲೆ, ಹುರುಪೆಯ ಕೆಳಗೆ ಸೂಜಿ ತೂರಿಸಬೇಕು. ಹೆಣ್ಣಿಗೆ ಕಿಲೋಗೆ ಎರಡು ಮೂರು ಮಿಲಿಗ್ರಾಂನಷ್ಟು ಮೊದಲ ಚುಚ್ಚು. ಆರು ಗಂಟೆ ಬಿಟ್ಟು ಐದರಿಂದ ಎಂಟು ಮಿಲಿಗ್ರಾಂನಷ್ಟು ಎರಡನೆಯದು. ಗಂಡಿಗೆ ಒಂದೇ, ಅದೂ ಹೆಣ್ಣಿನ ಎರಡನೆಯ ಸರದಿಯಲ್ಲಿ. ಮೊದಲ ಚುಚ್ಚು ಮೊಟ್ಟೆಗಳನ್ನು ಕೊನೆಯ ಹದಕ್ಕೆ ತರುತ್ತದೆ, ಎರಡನೆಯದು ಬಿಡುಗಡೆ ಮಾಡುತ್ತದೆ. ಒಂದು ಹೆಣ್ಣಿಗೆ ಎರಡು ಗಂಡಿನಂತೆ, ಕೊಳದಲ್ಲಿ ಗೂಟಕ್ಕೆ ಕಟ್ಟಿದ ಬಟ್ಟೆಯ ಪೆಟ್ಟಿಗೆಯೊಳಗೆ ಬಿಡುತ್ತಾರೆ. ಅದಕ್ಕೆ ಹಾಪಾ ಎಂದು ಹೆಸರು. ನಸುಕಿನ ಹೊತ್ತಿಗೆ ಒಳಗೆ ಅಟ್ಟಾಟ, ನೀರು ಚಿಮ್ಮುವ ಸದ್ದು. ಬೆಳಗ್ಗೆ ನೋಡಿದರೆ ಹಾಪಾದ ತಳದ ತುಂಬ ನೆನೆದ ಸಬ್ಬಕ್ಕಿಯಂತೆ ಉಬ್ಬಿದ ಪಾರದರ್ಶಕ ಮೊಟ್ಟೆಗಳು. ಕಿಲೋ ತೂಕದ ಹೆಣ್ಣು ಲಕ್ಷಕ್ಕೂ ಮಿಕ್ಕಿ ಇಡುತ್ತದೆ. ಗರ್ಭಕಟ್ಟದವು ಸ್ವಲ್ಪ ಹೊತ್ತಿಗೆ ಬೆಳ್ಳಗೆ ಮಂಕಾಗುತ್ತವೆ. ಆ ಬಿಳುಪಿನ ಪ್ರಮಾಣ ನೋಡಿಯೇ ರಾತ್ರಿಯ ಕೆಲಸಕ್ಕೆ ಎಷ್ಟು ಅಂಕ ಎಂದು ಹೇಳಿಬಿಡಬಹುದು.

ಮೊಟ್ಟೆಯಿಂದ ಮರಿ ಬರಿಸಲು ಕಂಡುಕೊಂಡ ಜೋಡಿ ಹಾಪಾ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಹೊರಗೆ ಮಸ್ಲಿನ್ ಬಟ್ಟೆಯ ಪೆಟ್ಟಿಗೆ, ಅದರೊಳಗೆ ಸೊಳ್ಳೆಪರದೆಯ ಚಿಕ್ಕ ಪೆಟ್ಟಿಗೆ. ಮೊಟ್ಟೆಗಳನ್ನು ಪರದೆಯ ಪೆಟ್ಟಿಗೆಯಲ್ಲಿ ಹರಡುತ್ತಾರೆ. ಉಬ್ಬಿದ ಮೊಟ್ಟೆ ಪರದೆಯ ಕಣ್ಣಿಗಿಂತ ದೊಡ್ಡದು, ಒಡೆದು ಬಂದ ಮರಿ ಕಣ್ಣಿಗಿಂತ ತೆಳು. ಹದಿನಾಲ್ಕರಿಂದ ಹದಿನೆಂಟು ಗಂಟೆಯಲ್ಲಿ ಮರಿಗಳು ತಾವಾಗಿಯೇ ಪರದೆ ದಾಟಿ ಹೊರಗಿನ ಬಟ್ಟೆಗೆ ಇಳಿಯುತ್ತವೆ. ಸಿಪ್ಪೆ, ಕೊಳೆತ ಮೊಟ್ಟೆಗಳು ಒಳಗೇ ಉಳಿಯುತ್ತವೆ. ಪರದೆಯನ್ನು ಎತ್ತಿ ಒದರಿದರೆ ಶುದ್ಧೀಕರಣ ಮುಗಿಯಿತು. ಕರೆಂಟು ಬೇಡ, ಯಂತ್ರ ಬೇಡ. ತೊಂದರೆಯೆಂದರೆ ಏಡಿ ಬಟ್ಟೆ ಕತ್ತರಿಸುವುದು, ಬಿರುಗಾಳಿ ಗೂಟ ಕೀಳುವುದು, ಬಿಸಿಲಿಗೆ ಕೊಳದ ನೀರು ಕಾಯುವುದು. ಒಂದು ಕೆಟ್ಟ ರಾತ್ರಿಗೆ ಇಡೀ ಋತುವಿನ ದುಡಿಮೆ ಹೋದ ಉದಾಹರಣೆ ಬೇಕಾದಷ್ಟು.

ಆ ಭಯವನ್ನು ಕಳೆದದ್ದು ಚೀನಾದಿಂದ ಬಂದ ದುಂಡು ತೊಟ್ಟಿ. ಎಂಬತ್ತರ ದಶಕದಿಂದೀಚೆ ಭಾರತದ ಮರಿ ಉತ್ಪಾದನೆ ಹಾಪಾ ಬಿಟ್ಟು ಈ ಸಿಮೆಂಟಿನ ವರ್ತುಲಕ್ಕೆ ಬಂತು. ತೊಟ್ಟಿಯ ತಳದಲ್ಲಿ ಬಾತುಕೋಳಿಯ ಕೊಕ್ಕಿನಾಕಾರದ ನಳಿಗೆಗಳು, ಎಲ್ಲವೂ ಓರೆಯಾಗಿ ಒಂದೇ ದಿಕ್ಕಿಗೆ. ನೀರು ಬಿಟ್ಟರೆ ತೊಟ್ಟಿಯೊಳಗೆ ಕೊನೆಯಿಲ್ಲದ ಹೊಳೆಯೊಂದು ಸುತ್ತತೊಡಗುತ್ತದೆ. ಗೆಂಡೆಯ ಮೊಟ್ಟೆ ನೀರಿಗಿಂತ ಭಾರ. ನೀರು ನಿಂತರೆ ತಳಕ್ಕೆ ಕೂತು ಉಸಿರುಗಟ್ಟುತ್ತದೆ. ರಭಸ ಹೆಚ್ಚಾದರೆ ಸಿಪ್ಪೆ ಹರಿಯುತ್ತದೆ. ಮೊಟ್ಟೆ ಕೂರದಷ್ಟು ಜೋರು, ಒಡೆಯದಷ್ಟು ಮೆಲ್ಲಗೆ: ಈ ನಡುವಣ ಹದಕ್ಕೆ ಕವಾಟ ತಿರುಗಿಸುವವರ ಕೈ ಸದಾ ಎಚ್ಚರವಾಗಿರಬೇಕು. ಒಂದೇ ಸಲಕ್ಕೆ ಹತ್ತಾರು ಲಕ್ಷ ಮೊಟ್ಟೆ ಮರಿಯಾಗಿಸಬಲ್ಲ ಈ ತೊಟ್ಟಿಯಿಂದಲೇ ಬಂಗಾಳದ ನೈಹಾಟಿಯಂಥ ಊರುಗಳು ಮೀನುಮರಿಯ ಪೇಟೆಗಳಾಗಿ ಬೆಳೆದವು. ಆಂಧ್ರದ ಕೊಲ್ಲೇರು ಸರೋವರದ ಸುತ್ತಲಿನ ವಿಶಾಲ ಕೊಳಗಳಿಗೆ ಬೇಕಾದಷ್ಟು ಮರಿ ದೊರೆತದ್ದೂ ಇದರಿಂದ. ನಮ್ಮಲ್ಲಿ ಭದ್ರಾ ಅಣೆಕಟ್ಟಿನ ಬುಡದ ಬಿ.ಆರ್. ಪ್ರಾಜೆಕ್ಟ್, ಬೆಂಗಳೂರಿನ ಪಕ್ಕದ ಹೆಸರಘಟ್ಟ ಮೀನುಮರಿ ಉತ್ಪಾದನೆಗೆ ಹೆಸರಾದ ಸ್ಥಳಗಳು.

ಗ್ರಂಥಿಯ ಜಾಗಕ್ಕೆ ಸೀಸೆಯ ಔಷಧ ಬಂದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಇದರ ಹಿಂದಿನ ವಿಚಾರ ಸೊಗಸಾಗಿದೆ. ಪಿಟ್ಯುಟರಿಗೆ ಆಜ್ಞೆ ಕೊಡುವುದು ಮಿದುಳು. ಅಲ್ಲಿಂದ ಹೊರಡುವ ಒಂದು ಹಾರ್ಮೋನು ‘ಬಿಡು’ ಎನ್ನುತ್ತದೆ, ಡೋಪಮೈನ್ ಎಂಬ ಇನ್ನೊಂದು ರಾಸಾಯನಿಕ ‘ತಡೆ’ ಎನ್ನುತ್ತದೆ. ಗೆಂಡೆಗಳಲ್ಲಿ ಈ ಎರಡನೆಯ ದನಿ ಬಹಳ ಗಟ್ಟಿ. ಹಾಗಾಗಿ ಬರೀ ‘ಬಿಡು’ ಎಂಬ ಹಾರ್ಮೋನನ್ನು ಚುಚ್ಚಿದರೆ ಸಾಲದು, ‘ತಡೆ’ ಎನ್ನುವ ಬಾಯನ್ನೂ ಮುಚ್ಚಿಸಬೇಕು ಎಂದು ಚೀನಾದ ಲಿನ್ ಹಾವೊರಾನ್ ಮತ್ತು ಕೆನಡಾದ ರಿಚರ್ಡ್ ಪೀಟರ್ ಕಂಡುಕೊಂಡರು. ಇಬ್ಬರ ಹೆಸರೂ ಕೂಡಿ ಅದಕ್ಕೆ ಲಿನ್‌ಪೆ ವಿಧಾನವೆಂದೇ ಹೆಸರಾಯಿತು. ಓವಾಪ್ರಿಮ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ಸೀಸೆಯಲ್ಲಿ ಇರುವುದು ಈ ಜೋಡಿಯೇ: ಕೃತಕ ಹಾರ್ಮೋನು ಮತ್ತು ಡಾಂಪೆರಿಡೋನ್. ಎರಡನೆಯದು ನಾವು ವಾಂತಿಗೆ ನುಂಗುವ ಮಾತ್ರೆಯಲ್ಲಿರುವ ಔಷಧವೇ! ಕಿಲೋಗೆ ಅರ್ಧ ಮಿಲಿಲೀಟರಿನೊಳಗೆ, ಒಂದೇ ಚುಚ್ಚು, ಗಂಡು ಹೆಣ್ಣು ಎರಡಕ್ಕೂ ಒಟ್ಟಿಗೆ. ನಡುರಾತ್ರಿ ಮತ್ತೆ ಎದ್ದು ಮೀನು ಹಿಡಿಯುವ ಕೆಲಸವಿಲ್ಲ. ಬಳಿಕ ಇದೇ ಬಗೆಯ ಔಷಧಗಳು ಭಾರತದಲ್ಲೂ ತಯಾರಾದವು.

ಮರಿ ಹುಟ್ಟಿದ ಮೇಲೂ ನೆಮ್ಮದಿಯಿಲ್ಲ. ಮೊದಲ ಮೂರು ದಿನ ಅದಕ್ಕೆ ಹೊಟ್ಟೆಗೆ ಅಂಟಿದ ಭಂಡಾರದ ಚೀಲವೇ ಊಟ. ನಾಲ್ಕನೆಯ ದಿನ ಬಾಯಿ ತೆರೆದಾಗ ನೀರಿನಲ್ಲಿ ತಿನ್ನಲು ಸೂಕ್ಷ್ಮಜೀವಿಗಳು ಸಿದ್ಧವಿರಬೇಕು, ಮರಿಯನ್ನೇ ತಿನ್ನುವ ಹುಳುಗಳು ಇರಬಾರದು. ಆದ್ದರಿಂದ ಎರಡು ಮೂರು ವಾರ ಮುಂಚಿತವಾಗಿ ನರ್ಸರಿ ಕೊಳಕ್ಕೆ ಹಿಪ್ಪೆ ಹಿಂಡಿ ಹಾಕುತ್ತಾರೆ. ಅದರಲ್ಲಿನ ಸಪೋನಿನ್ ಅಂಶ ಕಸಮೀನುಗಳನ್ನು ಕೊಲ್ಲುತ್ತದೆ, ನಂಜು ಇಳಿದ ಮೇಲೆ ಅದೇ ಹಿಂಡಿ ಕೊಳೆತು ಗೊಬ್ಬರವಾಗುತ್ತದೆ. ಮೇಲೆ ಸಗಣಿ. ಮರಿ ಬಿಡುವ ಮುನ್ನ ಸೋಪು ಮತ್ತು ಎಣ್ಣೆ ಕದಡಿ ನೀರಿನ ಮೇಲೆ ತೆಳುವಾಗಿ ಹರಡಿದರೆ, ಉಸಿರಿಗೆಂದು ಮೇಲೆ ಬರುವ ನೀರುಹುಳುಗಳು ಸಾಯುತ್ತವೆ. ಆಮೇಲೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು. ಎರಡು ಮೂರು ವಾರಕ್ಕೆ ಮರಿ ಒಂದು ಅಂಗುಲದ ಹತ್ತಿರ, ಇನ್ನೆರಡು ಮೂರು ತಿಂಗಳಿಗೆ ಬೆರಳುದ್ದ. ಕೆರೆಗೆ ಬಿಡಲು ಯೋಗ್ಯವಾದದ್ದು ಈ ಬೆರಳುದ್ದದ ಮರಿ. ಹಂಡಿಯ ಬದಲು ಈಗ ಪ್ಲಾಸ್ಟಿಕ್ ಚೀಲ: ಮೂರನೆಯ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ.

ಎಲ್ಲ ಮೀನಿಗೂ ಇದೇ ಉಪಾಯ ನಡೆಯುವುದಿಲ್ಲ. ನಮ್ಮ ಕೆರೆಗಳ ಸಾಮಾನ್ಯ ಗೆಂಡೆ ನಿಂತ ನೀರಿನಲ್ಲೇ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ. ತಿಲಾಪಿಯಾದ ಕಷ್ಟ ತದ್ವಿರುದ್ಧ: ಅದು ಕೇಳದೆಯೇ ಹೆತ್ತು ಕೊಳ ತುಂಬಿಸುತ್ತದೆ, ಅದಕ್ಕೇ ಬರೀ ಗಂಡುಗಳನ್ನೇ ಬೆಳೆಸುವ ದಾರಿ ಹುಡುಕಬೇಕಾಯಿತು. ಜಪಾನಿನವರು ಹಾವುಮೀನಿನಿಂದ ಪ್ರಯೋಗಶಾಲೆಯಲ್ಲಿ ಮೊಟ್ಟೆ ಇಡಿಸಿ ಮರಿ ಬೆಳೆಸಿದ್ದಾರೆ, ಆದರೂ ಅಲ್ಲಿನ ಸಾಕಣೆ ಇಂದಿಗೂ ಮುಖ್ಯವಾಗಿ ಕಡಲಿನಿಂದ ಹಿಡಿದು ತಂದ ಮರಿಗಳನ್ನೇ ನೆಚ್ಚಿದೆ. ಸಿಗಡಿಯದು ಕ್ರೂರ ಕಥೆ. ಹೆಣ್ಣಿನ ಒಂದು ಕಣ್ಣಿನ ಕಾಂಡವನ್ನು ಹಿಸುಕಿ ತೆಗೆದರೆ, ಅಲ್ಲಿ ತಯಾರಾಗುವ ತಡೆಹಾರ್ಮೋನು ಕುಗ್ಗಿ ಅದು ಬೇಗ ಮೊಟ್ಟೆಗೆ ಬರುತ್ತದೆ. ಜಗತ್ತಿನ ಸಿಗಡಿ ಮರಿಕೇಂದ್ರಗಳು ದಶಕಗಳಿಂದ ಹೀಗೇ ಮಾಡಿಕೊಂಡು ಬಂದಿವೆ. ಈಗ ಕೊಳ್ಳುವವರು ಪ್ರಶ್ನೆ ಎತ್ತುತ್ತಿದ್ದಾರೆ, ಕಣ್ಣು ಕೀಳದೆ ಮರಿ ತೆಗೆಯುವವರೂ ಹೆಚ್ಚುತ್ತಿದ್ದಾರೆ. ತಡವಾಗಿಯಾದರೂ ಇದು ಆಗಬೇಕಾದ ಬದಲಾವಣೆ.

ಗೆಂಡೆಯ ಕಡೆಗೆ ಮರಳಿದರೆ, ವಿದ್ಯೆ ಸುಲಭವಾದದ್ದೇ ಅದಕ್ಕೆ ಮುಳುವಾಗುತ್ತಿದೆ. ಒಂದು ಚುಚ್ಚಿಗೆ ಬಲಿತ ಯಾವ ಗೆಂಡೆಯೂ ಮೊಟ್ಟೆ ಕೊಡುತ್ತದೆಂದಾದಾಗ, ಯಾವ ಮೀನಿನಿಂದ ತೆಗೆಯಬೇಕೆಂಬ ವಿವೇಕ ಸಡಿಲವಾಯಿತು. ದೊಡ್ಡ ಮೀನಿಗೆ ಪೇಟೆಯಲ್ಲಿ ಬೆಲೆಯೆಂದು ಮಾರಿ, ಬೆಳೆಯದೆ ಉಳಿದ ಸಣ್ಣದನ್ನು ತಾಯಿಮೀನಾಗಿ ಇಟ್ಟುಕೊಂಡರೆ ತಲೆಮಾರಿನಿಂದ ತಲೆಮಾರಿಗೆ ಮಂದಬೆಳವಣಿಗೆಯನ್ನೇ ಆರಿಸಿದಂತೆ. ಒಂದೇ ಕೊಳದ ಅಣ್ಣತಂಗಿಯರನ್ನು ವರ್ಷವರ್ಷವೂ ಕೂಡಿಸಿದರೆ ತಳಿ ಸೊರಗುತ್ತದೆ. ಕೆಲಸ ಬೇಗ ಮುಗಿಯಲೆಂದು ಕಾಟ್ಲಾ, ರೋಹು, ಮೃಗಾಲ್‌ಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಬೆರಕೆ ಮರಿಗಳು ಹುಟ್ಟುತ್ತವೆ. ಇವು ಮೂರೂ ಭಾರತದ ಮರಿಕೇಂದ್ರಗಳಲ್ಲಿ ವಿಜ್ಞಾನಿಗಳು ಕಂಡು ದಾಖಲಿಸಿದ ದೋಷಗಳು.

ಪರಿಹಾರದ ದಾರಿಯೂ ತಿಳಿದದ್ದೇ. ನಾರ್ವೆ ಸಾಲ್ಮನ್ ಮೀನಿನಲ್ಲಿ ಎಪ್ಪತ್ತರ ದಶಕದಿಂದಲೇ ಕುಟುಂಬ ಕುಟುಂಬಗಳ ಲೆಕ್ಕವಿಟ್ಟು, ಒಳ್ಳೆಯದನ್ನಷ್ಟೇ ಮುಂದಿನ ಪೀಳಿಗೆಗೆ ಆರಿಸುತ್ತ ಬಂತು. ಅಲ್ಲಿನ ಸಂಸ್ಥೆಯ ಜೊತೆ ಕೈಜೋಡಿಸಿ ಭುವನೇಶ್ವರದ ಕೇಂದ್ರ ಸಿಹಿನೀರು ಜಲಕೃಷಿ ಸಂಸ್ಥೆ 1992ರಲ್ಲಿ ರೋಹು ಮೀನಿನ ಮೇಲೆ ಅದೇ ಕೆಲಸ ಶುರುಮಾಡಿತು. ಬೇರೆ ಬೇರೆ ನದಿಗಳಿಂದ ತಂದ ರೋಹುಗಳನ್ನು ಕೂಡಿಸಿ, ಮರಿಗಳಿಗೆ ಗುರುತು ಹಚ್ಚಿ, ಚೆನ್ನಾಗಿ ಬೆಳೆದ ಕುಟುಂಬಗಳನ್ನು ಆರಿಸುತ್ತ ಹೋದರು. ಪ್ರತಿ ಪೀಳಿಗೆಗೂ ಬೆಳವಣಿಗೆ ಸರಾಸರಿ ಶೇಕಡಾ 17ರಷ್ಟು ಏರಿತು. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷ ಹೊರಬಂದ ಆ ತಳಿಗೆ ಜಯಂತಿ ರೋಹು ಎಂದು ಹೆಸರಿಟ್ಟರು.

ಕೆರೆ ಗುತ್ತಿಗೆ ಹಿಡಿದವರಿಗೆ, ಕೃಷಿಹೊಂಡಕ್ಕೆ ಈ ಮಳೆಗಾಲ ಮೀನು ಬಿಡಬೇಕೆಂದಿರುವವರಿಗೆ ಒಂದು ಮಾತು. ಮರಿಯ ಬೆಲೆ ಕೇಳುವ ಮುಂಚೆ ತಾಯಿಮೀನು ಯಾವುದು, ಎಲ್ಲಿಂದ ತಂದದ್ದು, ಎಷ್ಟು ವರ್ಷಕ್ಕೊಮ್ಮೆ ಬದಲಿಸುತ್ತೀರಿ ಎಂದು ಕೇಳಿ. ಜಾತಿಗಳನ್ನು ಬೇರೆ ಬೇರೆ ತೊಟ್ಟಿಯಲ್ಲಿ ಮರಿ ಮಾಡಿಸಿದ್ದೀರಾ ಎಂದು ಕೇಳಿ. ಅಗ್ಗದ ಕೂದಲೆಳೆ ಮರಿಯ ಬದಲು ಬೆರಳುದ್ದದ ಮರಿಯನ್ನೇ ಕೊಳ್ಳಿ. ಉತ್ತರ ಕೊಡಲು ತಡವರಿಸುವವರ ಬಳಿ, ಬೆಲೆ ಎಷ್ಟೇ ಕಡಿಮೆಯಿದ್ದರೂ, ಕೊಳ್ಳಬೇಡಿ.